ಹೊಸ ಮಾನಿಟರ್ ಕೊಳ್ಳುವ ಮೊದಲು ಇಷ್ಟು ನೋಡಿ

ಬೆಂಗಳೂರಿನ ಚಾಮರಾಜಪೇಟೆಯಲ್ಲಿ ನಮ್ಮ ಭಾವನದ್ದು ಒಂದು ಪುಟ್ಟ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಕರಪತ್ರ, ಇವೇ ಕೆಲಸ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತಲ್ಲ, ಅದಾದ ಮೇಲೆ ಅವರೂ ಅಂಗಡಿಯ ಕಂಪ್ಯೂಟರಿಗೆ ವಿಂಡೋಸ್ 11 ಹಾಕಿಸಿದರು. ಮಾರನೇ ದಿನ ಬೆಳಿಗ್ಗೆಯೇ ಫೋನ್ ಬಂತು. ‘ಅಕ್ಷರ ಎಲ್ಲಾ ದಪ್ಪ ದಪ್ಪ ಆಗಿದೆ. ಒತ್ತಕ್ಷರ ಓದೋಕೇ ಆಗ್ತಿಲ್ಲ. ಮಾನಿಟರ್ ಹೋಗಿದೆ, ಹೊಸದು ತಗೊಳ್ಳಿ ಅಂತಿದ್ದಾರೆ.’

ಹೋಗಿ ನೋಡಿದೆ. ಪರದೆಯ ಮೇಲೆ ಒಂದು ಲಗ್ನಪತ್ರಿಕೆ, ಅದರ ತಲೆಯಲ್ಲಿ ವೃತ್ತದೊಳಗೆ ಗಣಪತಿ. ಆ ವೃತ್ತ ಮೊಟ್ಟೆಯ ಹಾಗೆ ಅಡ್ಡಕ್ಕೆ ಹಿಗ್ಗಿತ್ತು. ಅಂಗಡಿಯ ಸ್ಕೇಲನ್ನೇ ಪರದೆಗೆ ಹಿಡಿದೆ. ಅಗಲ 8 ಸೆಂಟಿಮೀಟರ್, ಎತ್ತರ 6. ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಅವರ ಮಾನಿಟರ್ 1600x900 ಪಿಕ್ಸೆಲ್‌ನದು, ಅಂದರೆ 16ಕ್ಕೆ 9ರ ಅಗಲ ಪರದೆ. ಕಂಪ್ಯೂಟರ್ ಕಳಿಸುತ್ತಿದ್ದದ್ದು 1024x768ರ ಚಿತ್ರ, ಅದು 4ಕ್ಕೆ 3ರ ಹಳೇ ಅಳತೆ. ಅದನ್ನು ಎಳೆದು ಪರದೆ ತುಂಬಿಸಿದರೆ ವೃತ್ತ ಸರಿಯಾಗಿ ಇದೇ ಲೆಕ್ಕದಲ್ಲಿ ಹಿಗ್ಗುತ್ತದೆ. ಮಾನಿಟರ್ ಕೆಟ್ಟಿರಲಿಲ್ಲ. ತನಗೆ ಬಂದದ್ದನ್ನು ಅದು ತೋರಿಸುತ್ತಿತ್ತು, ಅಷ್ಟೇ.

ಆಪರೇಟಿಂಗ್ ಸಿಸ್ಟಮ್ ಬದಲಾದಾಗ ಏರುಪೇರಾಗುವುದು ಹೆಚ್ಚಾಗಿ ಗ್ರಾಫಿಕ್ಸ್ ಡ್ರೈವರ್. ಕಂಪ್ಯೂಟರ್ ಮತ್ತು ಪರದೆಯ ನಡುವೆ ಮಾತಾಡಿಸುವ ಸಾಫ್ಟ್‌ವೇರ್ ಅದು. ಹಾಗಾಗಿ ದುಡ್ಡು ಬಿಚ್ಚುವ ಮುಂಚೆ ತೊಂದರೆ ಎಲ್ಲಿದೆ ಎಂದು ಹುಡುಕಿ. ಮಾನಿಟರ್, ಕೇಬಲ್, ಡ್ರೈವರ್ ಈ ಮೂರರಲ್ಲಿ ಒಂದು ಕಡೆ ಅದು ಹೆಚ್ಚಾಗಿ ಸಿಗುತ್ತದೆ.

ಮೊದಲ ಪರೀಕ್ಷೆ: ಲೋಗೋ ಬರುತ್ತಾ?

ಕಂಪ್ಯೂಟರ್ ಆಫ್ ಮಾಡಿ, ಮತ್ತೆ ಆನ್ ಮಾಡಿ, ಪರದೆಯನ್ನೇ ನೋಡುತ್ತಿರಿ. ವಿಂಡೋಸ್ ಶುರುವಾಗುವ ಮೊದಲು ಕಂಪ್ಯೂಟರ್ ಅಥವಾ ಮದರ್‌ಬೋರ್ಡ್ ಕಂಪನಿಯ ಲೋಗೋ ಬರುತ್ತದೆ. ಅದನ್ನು ತೋರಿಸುವುದು ಬಯಾಸ್, ಅಂದರೆ ಮದರ್‌ಬೋರ್ಡಿನಲ್ಲೇ ಇರುವ ಪುಟ್ಟ ಸಾಫ್ಟ್‌ವೇರ್. ವಿಂಡೋಸಿಗೂ ಅದಕ್ಕೂ ಸಂಬಂಧ ಇಲ್ಲ. ಲೋಗೋ ಚೆನ್ನಾಗಿ ಬಂದು ಆಮೇಲೆ ಪರದೆ ಕಪ್ಪಾದರೆ ಮಾನಿಟರ್ ಸರಿ ಇದೆ, ಡ್ರೈವರ್ ಮೇಲೆ ಅನುಮಾನ ಪಡಿ.

ಲೋಗೋನೂ ಬರಲಿಲ್ಲವೇ? ಮಾನಿಟರಿನ ಮೆನು ಬಟನ್ ಒತ್ತಿ. ಅದರ ಸ್ವಂತ ಮೆನು ಕಂಡರೆ ಪರದೆಗೆ ಜೀವ ಇದೆ ಎಂದರ್ಥ. ಅದೇ ಮೆನುವಿನಲ್ಲಿ ಇನ್‌ಪುಟ್ ಯಾವುದಿದೆ ನೋಡಿ. ಎಚ್‌ಡಿಎಂಐ ಕೇಬಲ್ ಹಾಕಿ ಇನ್‌ಪುಟ್ ವಿಜಿಎ ಅಂತಿದ್ದರೆ ‘ನೋ ಸಿಗ್ನಲ್’ ಅಂತಲೇ ಬರುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರಾದರೆ ಕೇಬಲ್ ಆ ಕಾರ್ಡಿಗೇ ಹೋಗಬೇಕು. ಮದರ್‌ಬೋರ್ಡಿನ ಕಿಂಡಿಗೆ ಚುಚ್ಚಿ ಒದ್ದಾಡಿದವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಇದೆಲ್ಲ ಸರಿಯಿದ್ದೂ ಚಿತ್ರ ಬಾರದಿದ್ದರೆ ಮಾನಿಟರ್, ಸಿಪಿಯು ಎರಡರ ಪ್ಲಗ್ಗನ್ನೂ ತೆಗೆದು, ಸಿಪಿಯು ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಸ್ವಲ್ಪ ಬಿಟ್ಟು ಮತ್ತೆ ಚುಚ್ಚಿ.

ಪರದೆ ಪೂರ್ತಿ ಕಪ್ಪಾಗಿದ್ದರೆ

ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್ ಮೂರನ್ನೂ ಹಿಡಿದು ಬಿ ಒತ್ತಿ. ಬೀಪ್ ಸದ್ದು ಬಂದು ಪರದೆ ಒಮ್ಮೆ ಮಿನುಗಬಹುದು. ಡ್ರೈವರನ್ನು ಮತ್ತೆ ಶುರು ಮಾಡುವ ಕೀಗಳಿವು. ತೆರೆದಿಟ್ಟ ಫೈಲುಗಳಿಗೆ ಏನೂ ಆಗುವುದಿಲ್ಲ, ಹೆದರಬೇಡಿ. ಆಮೇಲೆ ವಿಂಡೋಸ್ ಕೀ ಜೊತೆ ಪಿ ಒತ್ತಿ ನೋಡಿ. ಚಿತ್ರ ಇನ್ನೊಂದು ಪರದೆಗೆ ಹೋಗುತ್ತಿದ್ದರೆ ಇಲ್ಲಿ ಬದಲಿಸಬಹುದು.

ಇದಕ್ಕೂ ಜಗ್ಗದಿದ್ದರೆ ರಿಪೇರಿ ಮೆನುವಿಗೆ ಹೋಗಬೇಕು. ಆದರೆ ಅದಕ್ಕೆ ಮುಂಚೆ ಒಂದು ಮಾತು, ದಯವಿಟ್ಟು ಗಮನಿಸಿ. ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ಬಿದ್ದಿದ್ದರೆ ಇಲ್ಲಿ 48 ಅಂಕಿಯ ರಿಕವರಿ ಕೀ ಕೇಳಬಹುದು. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಮೊಬೈಲಿನಲ್ಲಿ ಲಾಗಿನ್ ಆಗಿ ಮೊದಲೇ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ನಡುದಾರಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ.

ಈಗ ಕಂಪ್ಯೂಟರ್ ಆನ್ ಮಾಡಿ. ವಿಂಡೋಸ್ ಲೋಡ್ ಆಗಲು ಶುರುವಾದ ತಕ್ಷಣ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಹೀಗೆ ಎರಡು ಮೂರು ಸಲ ಮಾಡಿದರೆ ರಿಪೇರಿ ಪರದೆ ತಾನೇ ಬರುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್. ಆಮೇಲೆ ಬರುವ ಪಟ್ಟಿಯಲ್ಲಿ 3 ಒತ್ತಿದರೆ ಕಡಿಮೆ ರೆಸಲ್ಯೂಷನ್, ಅಂದರೆ ಕಡಿಮೆ ಪಿಕ್ಸೆಲ್‌ಗಳ ಚಿತ್ರ. 4 ಒತ್ತಿದರೆ ಸೇಫ್ ಮೋಡ್, ಅಂದರೆ ತೀರಾ ಬೇಕಾದ ಡ್ರೈವರುಗಳಲ್ಲಷ್ಟೇ ವಿಂಡೋಸ್ ನಡೆಯುವ ಸ್ಥಿತಿ. ಮಾನಿಟರ್ ‘ಔಟ್ ಆಫ್ ರೇಂಜ್’ ಎನ್ನುತ್ತಿದ್ದರೆ 3 ಸಾಕು. ಪರದೆಗೆ ತಾಳಲಾಗದ ಅಳತೆ ಕಳಿಸುತ್ತಿದ್ದ ಕಂಪ್ಯೂಟರ್ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ.

ಚಿತ್ರ ಇದೆ, ಆದರೆ ಹಿಗ್ಗಿದೆ ಅಥವಾ ಮಸುಕಾಗಿದೆ

ಭಾವನ ಅಂಗಡಿಯ ಕಥೆ ಇದೇ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ‘ಡಿಸ್ಪ್ಲೇ ಅಡಾಪ್ಟರ್ಸ್’ ಸಾಲು ಬಿಡಿಸಿ ನೋಡಿ. ಅಲ್ಲಿ ಇಂಟೆಲ್, ಎಎಂಡಿ ಅಥವಾ ಎನ್ವಿಡಿಯಾ ಹೆಸರು ಇರಬೇಕು. ಅದರ ಬದಲು ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್ಪ್ಲೇ ಅಡಾಪ್ಟರ್’ ಅಂತಿದ್ದರೆ ವಿಂಡೋಸಿಗೆ ಸರಿಯಾದ ಡ್ರೈವರ್ ಸಿಕ್ಕಿಲ್ಲ, ತಾತ್ಕಾಲಿಕ ಡ್ರೈವರಿನಲ್ಲಿ ಕಾಲ ತಳ್ಳುತ್ತಿದೆ. ಭಾವನ ಕಂಪ್ಯೂಟರಿನಲ್ಲಿ ಅದೇ ಇತ್ತು.

ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್, ಅಡ್ವಾನ್ಸ್ಡ್ ಆಪ್ಷನ್ಸ್, ಆಪ್ಷನಲ್ ಅಪ್‌ಡೇಟ್ಸ್ ಹೀಗೆ ಒಳಗೆ ಹೋಗಿ. ಡ್ರೈವರ್ ಅಲ್ಲಿ ಕಾದಿರುವುದು ಜಾಸ್ತಿ. ಇಲ್ಲದಿದ್ದರೆ ಗ್ರಾಫಿಕ್ಸ್ ಕಂಪನಿಯ ವೆಬ್‌ಸೈಟ್, ಲ್ಯಾಪ್‌ಟಾಪ್ ಆದರೆ ಅದನ್ನು ಮಾಡಿದ ಕಂಪನಿಯ ವೆಬ್‌ಸೈಟ್. ‘ಒಂದೇ ಕ್ಲಿಕ್‌ನಲ್ಲಿ ಎಲ್ಲಾ ಡ್ರೈವರ್’ ಎಂಬ ಜಾಹೀರಾತುಗಳನ್ನು ಖಂಡಿತ ಮುಟ್ಟಬೇಡಿ. ಡ್ರೈವರ್ ಹೊಸದಾಗಿಯೇ ಇದ್ದು ತೊಂದರೆ ಈಚೆಗೆ ಶುರುವಾಗಿದ್ದರೆ ಉಲ್ಟಾ ಮಾಡಿ: ಅದೇ ಹೆಸರಿನ ಪ್ರಾಪರ್ಟೀಸ್‌ನಲ್ಲಿ ಡ್ರೈವರ್ ಟ್ಯಾಬ್, ರೋಲ್ ಬ್ಯಾಕ್ ಡ್ರೈವರ್.

ನಮಗೆ ಡ್ರೈವರ್ ಸಿಕ್ಕಿತು, ಹೆಸರೂ ಸರಿಯಾಯಿತು. ಆದರೂ ರೆಸಲ್ಯೂಷನ್ ಪಟ್ಟಿಯಲ್ಲಿ 1600x900 ಬರಲಿಲ್ಲ! ಮತ್ತೆ ಡಿವೈಸ್ ಮ್ಯಾನೇಜರಿಗೆ ಹೋಗಿ ‘ಮಾನಿಟರ್ಸ್’ ಸಾಲು ಬಿಡಿಸಿದೆ. ‘ಜನರಿಕ್ ನಾನ್ ಪಿಎನ್‌ಪಿ ಮಾನಿಟರ್’ ಅಂತಿತ್ತು. ಪಿಎನ್‌ಪಿ ಅಂದರೆ ಪ್ಲಗ್ ಅಂಡ್ ಪ್ಲೇ, ಚುಚ್ಚಿದ ಕೂಡಲೇ ಗುರುತು ಸಿಗುವಂಥದ್ದು. ಆ ‘ನಾನ್’ ಎಂಬುದೇ ಸುಳಿವು. ಪ್ರತಿ ಮಾನಿಟರೂ ತನ್ನ ಅಳತೆಯ ವಿವರವನ್ನು ಕೇಬಲ್ ಮೂಲಕ ಕಂಪ್ಯೂಟರಿಗೆ ಹೇಳುತ್ತದೆ. ಇಡಿಐಡಿ ಎಂದು ಅದಕ್ಕೆ ಹೆಸರು. ಆ ಮಾತು ಕಂಪ್ಯೂಟರಿಗೆ ತಲುಪುತ್ತಿರಲಿಲ್ಲ.

ಎರಡನ್ನೂ ಆಫ್ ಮಾಡಿ, ವಿಜಿಎ ಕೇಬಲ್ ಬಿಚ್ಚಿ ಬೆಳಕಿಗೆ ಹಿಡಿದೆ. ಮೂರು ಸಾಲು, ಸಾಲಿಗೆ ಐದರಂತೆ 15 ಪಿನ್‌ಗಳ ಜಾಗ. ನಡು ಸಾಲಿನಲ್ಲಿ ಒಂದು, ಅಂದರೆ 9ನೇ ಪಿನ್ ಇರಲಿಲ್ಲ. ಎಷ್ಟೋ ಕೇಬಲ್‌ಗಳಲ್ಲಿ ಅದು ಇರುವುದೇ ಇಲ್ಲ, ಅದು ದೋಷ ಅಲ್ಲ. ದೋಷ ಇದ್ದದ್ದು ಮೂರನೇ ಸಾಲಿನ ತುದಿಯಲ್ಲಿ. 15ನೇ ಪಿನ್ ಬಾಗಿ ಪಕ್ಕಕ್ಕೆ ಮಲಗಿತ್ತು. ಮಾನಿಟರಿನ ವಿವರ ಬರುವುದು 12 ಮತ್ತು 15ನೇ ಪಿನ್‌ಗಳಲ್ಲಿ. ಅಪ್‌ಗ್ರೇಡ್‌ಗೆಂದು ಸಿಪಿಯು ಡಬ್ಬ ಹೊತ್ತುಕೊಂಡು ಹೋಗಿ ತಂದಿದ್ದರು, ವಾಪಸ್ ಚುಚ್ಚುವಾಗ ಬಾಗಿರಬೇಕು.

ಕಂಪ್ಯೂಟರ್ ಸಾಮಾನು ಸಿಗುವ ಎಸ್‌ಪಿ ರಸ್ತೆ ಹತ್ತಿರವೇ ಅಲ್ವಾ, ಹೋಗಿ ಹೊಸ ಕೇಬಲ್ ತಂದೆವು. ಮಾನಿಟರಿನ ದುಡ್ಡಿನ ಮುಂದೆ ಅದು ಏನೇನೂ ಅಲ್ಲ. ನಿಮ್ಮ ಕಂಪ್ಯೂಟರಿನಲ್ಲಿ ಬರೀ ಎಚ್‌ಡಿಎಂಐ, ಮಾನಿಟರಿನಲ್ಲಿ ಬರೀ ವಿಜಿಎ ಇದ್ದರೆ ಕನ್ವರ್ಟರ್ ಬೇಕು. ಕೊಳ್ಳುವಾಗ ‘ಎಚ್‌ಡಿಎಂಐ ಇಂದ ವಿಜಿಎಗೆ’ ಎಂದು ಬಿಡಿಸಿ ಹೇಳಿ. ಅದು ಒಂದೇ ದಿಕ್ಕಿಗೆ ಕೆಲಸ ಮಾಡುತ್ತದೆ, ತಿರುಗಿಸಿ ಹಾಕಿದರೆ ನಡೆಯುವುದಿಲ್ಲ.

ರೆಸಲ್ಯೂಷನ್ ಬದಲಿಸಲು ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್ಪ್ಲೇ. ‘ರೆಕಮೆಂಡೆಡ್’ ಎಂದಿರುವುದನ್ನೇ ಆರಿಸಿ. ತಪ್ಪಿ ಪರದೆ ಕಪ್ಪಾದರೆ ಏನೂ ಒತ್ತದೆ ಸುಮ್ನೆ ಕೂತಿರಿ, 15 ಸೆಕೆಂಡಿನಲ್ಲಿ ಹಳೆಯದಕ್ಕೆ ಮರಳುತ್ತದೆ. ಅಕ್ಷರ ಚಿಕ್ಕದಾಯಿತು ಎಂದು ರೆಸಲ್ಯೂಷನ್ ಇಳಿಸಬೇಡಿ. ಅಲ್ಲೇ ಇರುವ ‘ಸ್ಕೇಲ್’ ಸೆಟ್ಟಿಂಗನ್ನು 125 ಪರ್ಸೆಂಟ್ ಮಾಡಿ. ಪೇಜ್‌ಮೇಕರ್‌ನಂತಹ ಹಳೇ ಸಾಫ್ಟ್‌ವೇರ್ ಆಗ ಮಸುಕಾಗಿ ಕಂಡರೆ ಅದರ ಐಕಾನ್‌ನ ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿಯೊಳಗೆ ‘ಹೈ ಡಿಪಿಐ’ ಸೆಟ್ಟಿಂಗ್ ಇದೆ, ಅಲ್ಲಿ ಸರಿಮಾಡಬಹುದು.

ಏನು ಮಾಡಿದರೂ ಆಗದಿದ್ದರೆ ಅಪ್‌ಗ್ರೇಡ್ ಆದ 10 ದಿನದೊಳಗೆ ಹಿಂದಿನ ವಿಂಡೋಸಿಗೆ ಮರಳುವ ದಾರಿ ಇದೆ: ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ, ಗೋ ಬ್ಯಾಕ್. ಅದಕ್ಕೆ ಮೊದಲು ಕೆಲಸದ ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಿ.

ನಮಗೆ ಆ ದಾರಿ ಬೇಕಾಗಲಿಲ್ಲ. ಹೊಸ ಕೇಬಲ್ ಹಾಕಿದ ಕೂಡಲೇ ಪಟ್ಟಿಯಲ್ಲಿ 1600x900 ಬಂತು. ಈ ಸಲ ಭಾವನೇ ಸ್ಕೇಲ್ ತಂದು ಗಣಪತಿಯ ವೃತ್ತಕ್ಕೆ ಹಿಡಿದರು. ಅಡ್ಡಕ್ಕೆ 5 ಸೆಂಟಿಮೀಟರ್ ಮೇಲೆ ಒಂದು ಗೆರೆ. ಉದ್ದಕ್ಕೂ ಅಷ್ಟೇ.