ಕೊಸರು ಕೊಡದ ಅಂಗಡಿ: ಹತ್ತು ನಿಮಿಷದ ದಿನಸಿಯನ್ನು ನಷ್ಟವಿಲ್ಲದೆ ತರಿಸುವುದು

ತಮಿಳುನಾಡಿನ ಗಡಿಯ ಹೊಸೂರಿನಲ್ಲಿ ಮೂವತ್ತೊಂದು ವರ್ಷ ದಿನಸಿ ಅಂಗಡಿ ನಡೆಸಿ, ಮೊಣಕಾಲು ಕೈಕೊಟ್ಟ ಮೇಲೆ ಬಾಗಿಲು ಹಾಕಿದವನು ನಾನು. ಈಗ ಸೊಸೆಯ ಮೊಬೈಲೇ ನಮ್ಮ ಮನೆಯ ಅಂಗಡಿ. ಅವಳು ಎಲೆಕ್ಟ್ರಾನಿಕ್ ಸಿಟಿಯಿಂದ ಬಂದು ಚಪ್ಪಲಿ ಬಿಡುವಾಗ ರಾತ್ರಿ ಎಂಟೂವರೆ. ಆ ಹೊತ್ತಿನಲ್ಲಿ ಚಟ್ನಿಗೆ ತೆಂಗಿನಕಾಯಿ ಇಲ್ಲವೆಂದಾದರೆ, ಹತ್ತು ನಿಮಿಷದಲ್ಲಿ ದಿನಸಿ ಮನೆಗೆ ತಂದುಕೊಡುವ ಆ್ಯಪ್ ಬೇಡ ಎನ್ನುವ ಹಕ್ಕು, ಒಲೆಯ ಮುಂದೆ ನಿಲ್ಲದ ನನಗಿಲ್ಲ. ಆದರೆ ಬಿಲ್ ಓದುವ ಚಟ ಅಂಗಡಿಯ ಜೊತೆ ಮುಚ್ಚಿಹೋಗಲಿಲ್ಲ.

ಮೊದಲನೆಯದಾಗಿ, ಬಿಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಿ. ಮೊದಮೊದಲು ಒಂದು ರಾತ್ರಿ ಸೊಸೆ ಆರಿಸಿದ್ದು ಮೂರೇ ಸಾಮಾನು: ತೆಂಗಿನಕಾಯಿ 48, ಕೊತ್ತಂಬರಿ ಸೊಪ್ಪು 18, ಹಸಿಮೆಣಸಿನಕಾಯಿ 20. ಒಟ್ಟು 86 ರೂಪಾಯಿ. ಅದರ ಕೆಳಗೆ ಡೆಲಿವರಿಗೆ 30, ಹ್ಯಾಂಡ್ಲಿಂಗ್‌ಗೆ 12, ಬುಟ್ಟಿ ಚಿಕ್ಕದಾಯಿತೆಂದು 20. ಕೊನೆಯ ಸಾಲಿನಲ್ಲಿ 148. ಮಳೆ ಬಂದಿದ್ದರೆ ಇನ್ನೊಂದು ಸಾಲು ಸೇರುತ್ತಿತ್ತು. ನಮ್ಮ ಕಾಲದಲ್ಲಿ ಗಿರಾಕಿಗೆ ಒಂದು ಹಿಡಿ ಕೊಸರು ಹಾಕುತ್ತಿದ್ದೆವು. ಇಲ್ಲಿ ಕೊಸರು ಹಾಕಬೇಕಾದವನು ಗಿರಾಕಿಯೇ.

ಇನ್ನೂ 113 ರೂಪಾಯಿಗೆ ಕೊಂಡರೆ ಈ ಶುಲ್ಕವೆಲ್ಲ ಮಾಫಿ ಎಂದು ಪರದೆ ಹೇಳಿತು. ಸೊಸೆಯ ಬೆರಳು ಚಿಪ್ಸ್ ಕಡೆಗೆ ಹೋಯಿತು. 62 ರೂಪಾಯಿ ಉಳಿಸಲು 113 ರೂಪಾಯಿಯ ಬೇಡದ ಸಾಮಾನು! ನಾನು ಅಡ್ಡ ಬಂದೆ. ಅಂದಿನಿಂದ ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದೇವೆ. ಮುಗಿಯುತ್ತಾ ಬಂದ ತೊಗರಿಬೇಳೆ, ಸೋಪು, ಉಪ್ಪು, ಎಣ್ಣೆ, ಎಲ್ಲವೂ ಅದರಲ್ಲಿ. ಬುಟ್ಟಿ ತುಂಬಿಸಬೇಕಾದರೆ ಆ ಚೀಟಿಯಿಂದಲೇ ತುಂಬಿಸುವುದು. ಚೀಟಿ ಖಾಲಿ ಇದ್ದರೆ ಅಂದು ತೆಂಗಿನಕಾಯಿ ಇಲ್ಲದ ಅಡುಗೆ.

ಎಂಆರ್‌ಪಿ ಮೇಲೆ, ತಂಪು ಮಾಡಿಕೊಟ್ಟಿದ್ದಕ್ಕೆಂದು ಒಂದು ರೂಪಾಯಿ ಹೆಚ್ಚು ಪಡೆದರೂ ಅಂಗಡಿಯವನಿಗೆ ದಂಡ. ತಮಿಳುನಾಡಿನಲ್ಲಿ ತೂಕ, ಅಳತೆ ನೋಡುವುದು ಕಾರ್ಮಿಕ ಇಲಾಖೆ; ಅವರು ತಕ್ಕಡಿಗೆ ಮುದ್ರೆ ಹಾಕಲು ಬಂದ ದಿನ ನನಗೆ ಊಟ ಸೇರುತ್ತಿರಲಿಲ್ಲ. ಆ್ಯಪ್‌ನವರು ವಸ್ತುವಿಗೆ ಎಂಆರ್‌ಪಿ ಮೀರುವುದಿಲ್ಲ, ಸೇವೆಗೆಂದು ಬೇರೆ ಸಾಲಿನಲ್ಲಿ ಪಡೆಯುತ್ತಾರೆ. ಹೀಗಾಗಿ ಎಂಆರ್‌ಪಿಗಿಂತ ಐದು ರೂಪಾಯಿ ಕಡಿಮೆ ಎಂಬ ಹಸಿರು ಚೀಟಿ ನೋಡಿ ಹಿಗ್ಗಬೇಡಿ.

ಎರಡನೆಯದು ಗ್ರಾಂ. ಆ 18 ರೂಪಾಯಿಯ ಕೊತ್ತಂಬರಿ 100 ಗ್ರಾಂ. ಅಂದರೆ ಕಿಲೋಗೆ 180. ಅರ್ಧ ಕಿಲೋ ಇರಬಹುದೆಂದು ಕಣ್ಣು ನಂಬುವ ಪೊಟ್ಟಣದಲ್ಲಿ 450 ಗ್ರಾಂ ಇರುತ್ತದೆ. ಪೊಟ್ಟಣದ ಸಾಮಾನಿನ ಮೇಲೆ ಗ್ರಾಂ ಅಥವಾ ಕಿಲೋ ಲೆಕ್ಕದ ಬೆಲೆಯನ್ನೂ ಮುದ್ರಿಸಬೇಕೆಂಬ ನಿಯಮವಿದೆ, ಹೋಲಿಸಬೇಕಾದದ್ದು ಅದನ್ನು. ಸೊಪ್ಪು, ಟೊಮೆಟೊ, ಕೋಸು ನಾವು ಆ್ಯಪ್‌ನಲ್ಲಿ ತರಿಸುವುದನ್ನೇ ಬಿಟ್ಟಿದ್ದೇವೆ. ಸುತ್ತಲಿನ ಹಳ್ಳಿಯವರು ಬೆಳೆದದ್ದನ್ನು ತಾವೇ ತಂದು ಮಾರುವ ಉಳವರ್ ಸಂದೈ ಇರುವ ಊರಿನಲ್ಲಿ, ಅದೇ ಟೊಮೆಟೊವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬರಮಾಡಿಕೊಳ್ಳುವುದು ನನಗೆ ನಾಚಿಕೆಯ ವಿಷಯ. ಭಾನುವಾರ ಬೆಳಿಗ್ಗೆ ಮಗ ಹೋಗಿ ವಾರಕ್ಕಾಗುವಷ್ಟು ತರುತ್ತಾನೆ.

ಹಾಲು, ದೋಸೆ ಹಿಟ್ಟು, ಬ್ರೆಡ್ ಬಂದಾಗ ಹುಡುಗ ಗೇಟು ದಾಟುವ ಮೊದಲೇ ದಿನಾಂಕ ನೋಡಿ. ಆನ್‌ಲೈನ್‌ನಲ್ಲಿ ಮಾರುವ ಆಹಾರ ಗ್ರಾಹಕನ ಕೈ ಸೇರುವಾಗ ಬಾಳಿಕೆಯ ಅವಧಿಯ ಶೇ. 30 ಭಾಗ ಅಥವಾ 45 ದಿನ ಉಳಿದಿರಬೇಕು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಹೇಳಿದೆ. ನಮಗೆ ಒಮ್ಮೆ ಮರುದಿನವೇ ಅವಧಿ ಮುಗಿಯುವ ಹಿಟ್ಟು ಬಂತು. ಫೋಟೊ ತೆಗೆದು ಕಳುಹಿಸಿದೆವು, ನಾಲ್ಕೇ ನಿಮಿಷದಲ್ಲಿ ಹಣ ವಾಪಸ್. ಇದು ನಿಜವಾದ ಲಾಭ, ಒಪ್ಪಬೇಕು. ನಿಮ್ಮ ಅಂಗಡಿಯಲ್ಲಿ ಹೀಗೆ ಕೊಡುತ್ತಿದ್ದಿರಾ ಎಂದು ಮಾತ್ರ ಕೇಳಬೇಡಿ.

ವಿಳಾಸದ ವಿಷಯ ನಮ್ಮಂಥ ಗಡಿಯವರಿಗೇ ವಿಶೇಷ. ಬೆಳಿಗ್ಗೆ ಅತ್ತಿಬೆಲೆ ದಾಟಿ ಹೋಗುವ ಮೊಬೈಲ್ ಸಂಜೆ ಮರಳಿದರೂ, ಆ್ಯಪ್‌ನೊಳಗಿನ ವಿಳಾಸ ಕೆಲವೊಮ್ಮೆ ಕಚೇರಿಯಲ್ಲೇ ಉಳಿದುಬಿಡುತ್ತದೆ. ಒಮ್ಮೆ ನಮ್ಮ ಎರಡು ಲೀಟರ್ ಎಣ್ಣೆ, ರವೆ ಎಲ್ಲವೂ ಕಚೇರಿಯ ಗೇಟಿನ ಕಾವಲುಗಾರನ ಮೇಜಿನ ಮೇಲೆ ರಾತ್ರಿ ಕಳೆದವು. “ಮಾವ, ಇವತ್ತು ಉಪ್ಪಿಟ್ಟು ಇಲ್ಲ” ಎಂದಳು ಸೊಸೆ. ಹಣ ಕಟ್ಟುವ ಮೊದಲು ಮೇಲ್ಗಡೆಯ ವಿಳಾಸದ ಸಾಲನ್ನು ಒಮ್ಮೆ ಗಟ್ಟಿಯಾಗಿ ಓದಿ.

ಕೇಳದೆ ಸೇರಿಕೊಳ್ಳುವ ದಾನ, ಟಿಪ್ಸ್, ಸದಸ್ಯತ್ವದ ಗುರುತುಗಳನ್ನು ತೆಗೆದುಹಾಕಿ. ಬುಟ್ಟಿಗೆ ಗುಟ್ಟಾಗಿ ಸಾಮಾನು ಸೇರಿಸುವುದು, ಕೊನೆಯ ಪರದೆಯಲ್ಲಿ ಮಾತ್ರ ಶುಲ್ಕ ತೋರಿಸುವುದು ಸೇರಿ 13 ಬಗೆಯ ಮೋಸಗಳನ್ನು ಕೇಂದ್ರ ಸರ್ಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ. ಹಾಗಾದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಹತ್ತು ನಿಮಿಷದ ಗುಟ್ಟು ಗಾಡಿಯ ವೇಗಕ್ಕಿಂತ ಗೋದಾಮಿನ ಹತ್ತಿರದಲ್ಲಿದೆ. ಒಂದೆರಡು ಕಿಲೋಮೀಟರ್ ಆಚೆ, ಗಿರಾಕಿಗೆ ಬಾಗಿಲು ತೆರೆಯದ ಅಂಗಡಿಯೊಂದು ಇರುತ್ತದೆ. ಆದರೂ ಬೈಕು, ಪೆಟ್ರೋಲು, ಬಿದ್ದರೆ ಪೆಟ್ಟು ಹುಡುಗನದ್ದೇ. ಮಳೆಯಲ್ಲಿ ಚಿಪ್ಸ್ ತರಿಸಬಾರದು ಎಂಬುದು ನಮ್ಮ ಮನೆಯ ಕಾಯಿದೆ. ಮೊಮ್ಮಗಳ ಡೈಪರ್‌ಗೆ ವಿನಾಯಿತಿ. ಟಿಪ್ಸನ್ನು ನಾನು ಕೈಯಲ್ಲೇ ಕೊಡುತ್ತೇನೆ.

ತಿಂಗಳ ಕೊನೆಯಲ್ಲಿ ಹಳೆಯ ಆರ್ಡರ್‌ಗಳನ್ನು ತೆರೆದು ಶುಲ್ಕಗಳನ್ನು ಮಾತ್ರ ಕೂಡಿ. ಸಾಮಾನಿನ ಬೆಲೆ ಬಿಟ್ಟುಬಿಡಿ. ನಮ್ಮದು ಮೊದಲ ತಿಂಗಳು 19 ಆರ್ಡರ್, ಶುಲ್ಕ 704 ರೂಪಾಯಿ. ಸಾಲದ ಪುಸ್ತಕದ ಉಳಿದ ಹಾಳೆಯಲ್ಲಿ ಬರೆದು ಸೊಸೆಯ ಮುಂದಿಟ್ಟೆ. ಅವಳು ಏನೂ ಹೇಳದೆ ಆ್ಯಪ್‌ನ ನೋಟಿಫಿಕೇಶನ್ ಬಂದ್ ಮಾಡಿದಳು. ಕಳೆದ ತಿಂಗಳು ಆರು ಆರ್ಡರ್, ಶುಲ್ಕ 96. ಅದರಲ್ಲಿ 62 ನನ್ನದೇ: ಎಲ್ಲರೂ ಮಲಗಿದ ಮೇಲೆ ವೀಳ್ಯದೆಲೆ ತರಿಸಿದ್ದು.