ಹಳೇ ವ್ಯಾಕ್ಯೂಮ್ ಕ್ಲೀನರ್ ತಂದಿದ್ದೀರಾ? ಮೋಟಾರನ್ನು ಬೈಯುವ ಮೊದಲು ಗಾಳಿಯ ದಾರಿ ನೋಡಿ

ಯಾರೋ ಬಳಸಿ ಬಿಟ್ಟ ವ್ಯಾಕ್ಯೂಮ್ ಕ್ಲೀನರ್ ತಂದವರ ದೂರು ಸಾಮಾನ್ಯವಾಗಿ ಒಂದೇ. ಸದ್ದು ಜೋರಾಗಿದೆ, ಕಸ ಮಾತ್ರ ಎಳೆಯುತ್ತಿಲ್ಲ. ಮೋಟಾರ್ ಹೋಗಿದೆ ಅಂತ ತೀರ್ಪು ಕೊಟ್ಟು ಮೂಲೆಗೆ ತಳ್ಳಿಬಿಡುತ್ತಾರೆ. ನಮ್ಮದು, ನೆಂಟರದ್ದು, ಪಕ್ಕದ ಮನೆಯವರದ್ದು ಅಂತ ಇಂಥವನ್ನು ಬಿಚ್ಚಿ ಜೋಡಿಸುತ್ತಲೇ ಬಂದಿದ್ದೇನೆ. ಮೋಟಾರ್ ಪಾಡಿಗೆ ಅದು ಚೆನ್ನಾಗಿಯೇ ಇರುತ್ತದೆ, ಗಾಳಿ ಹೋಗುವ ದಾರಿ ಎಲ್ಲೋ ಕಟ್ಟಿಕೊಂಡಿರುತ್ತದೆ, ಇಲ್ಲವೇ ಎಲ್ಲೋ ಸೋರುತ್ತಿರುತ್ತದೆ.

ಮೊದಲು ವೈರ್. ಪ್ಲಗ್ ಹಾಕುವ ಮುಂಚೆ ಪೂರ್ತಿ ಹೊರಗೆ ಎಳೆದು, ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಒರೆಸುತ್ತಾ ಬನ್ನಿ, ಕೊಳೆಯೂ ಹೋಗುತ್ತದೆ, ಎಲ್ಲಾದರೂ ಸಿಪ್ಪೆ ಸೀಳಿದ್ದರೆ ಬೆರಳಿಗೇ ಸಿಗುತ್ತದೆ. ಪ್ಲಗ್ಗಿನ ಬುಡ ಮತ್ತು ಮಷೀನಿನೊಳಗೆ ಹೋಗುವ ಜಾಗ, ಇವೆರಡೂ ಜಾಸ್ತಿ ಹಾಳಾಗುವ ಕಡೆ. ಸೀಳಿದ್ದರೆ ಟೇಪ್ ಸುತ್ತಿ ಸಮಾಧಾನ ಮಾಡಿಕೊಳ್ಳಬೇಡಿ, ವೈರನ್ನೇ ಬದಲಿಸಿ. ತಾನಾಗಿ ಸುತ್ತಿಕೊಳ್ಳುವ ವೈರ್ ಇದ್ದರೆ ಅದರ ಚಕ್ರವನ್ನು ಸುಮ್ನೆ ಕುತೂಹಲಕ್ಕೆ ಬಿಚ್ಚಬೇಡಿ, ಒಳಗಿನ ಸ್ಪ್ರಿಂಗ್ ಚಿಮ್ಮಿ ಮುಖಕ್ಕೆ ಹೊಡೆಯುತ್ತದೆ.

ಈಗ ಹೋಸ್, ಅಂದರೆ ಬಗ್ಗುವ ಕೊಳವೆ, ತೆಗೆದು ಮಷೀನ್ ಹಾಕಿ, ಅದು ಕೂರುವ ಬಾಯಿಗೆ ಅಂಗೈ ಒಡ್ಡಿ. ಗಟ್ಟಿಯಾಗಿ ಎಳೆದರೆ ಒಳಗೆ ಎಲ್ಲಾ ಸರಿ, ತೊಂದರೆ ಹೊರಗಿನ ಪೈಪುಗಳಲ್ಲಿದೆ. ಹೋಸ್ ಹಾಕಿ ನೋಡಿ, ಆಮೇಲೆ ಉದ್ದ ಪೈಪ್, ಕೊನೆಗೆ ಬ್ರಷ್. ಯಾವುದನ್ನು ಸೇರಿಸಿದಾಗ ಎಳೆತ ಬಿತ್ತೋ ಅದೇ ಕಳ್ಳ. ಬರೀ ಮಷೀನೇ ಎಳೆಯುತ್ತಿಲ್ಲ ಅಂದರೆ ಫಿಲ್ಟರ್ ಅಥವಾ ಚೀಲ ನೋಡಬೇಕು.

ಸದ್ದೂ ಸುಳಿವು ಕೊಡುತ್ತದೆ. ದಾರಿ ಕಟ್ಟಿಕೊಂಡಾಗ ಮೋಟಾರ್ ಕೀಚಲು ದನಿ ತೆಗೆಯುತ್ತದಲ್ವಾ? ಭಾರ ಎಳೆಯಲಾಗದೆ ಒದ್ದಾಡುತ್ತಿದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಿಜ ಅಂದರೆ ಆಗ ಅದಕ್ಕೆ ಕೆಲಸವೇ ಕಮ್ಮಿ. ತಳ್ಳೋಕೆ ಗಾಳಿ ಇಲ್ಲದ್ದರಿಂದ ಒಳಗಿನ ಫ್ಯಾನ್ ಇನ್ನೂ ಜೋರಾಗಿ ತಿರುಗುತ್ತದೆ. ಅಪಾಯ ಇರುವುದು ಬಿಸಿಯಲ್ಲಿ. ಒಣ ಕಸ ಎಳೆಯುವ ಹೆಚ್ಚಿನ ಮಷೀನುಗಳಲ್ಲಿ ಎಳೆದ ಗಾಳಿಯೇ ಫಿಲ್ಟರ್ ದಾಟಿ ಬಂದು ಮೋಟಾರನ್ನು ತಣ್ಣಗಿಡುತ್ತದೆ, ಗಾಳಿ ನಿಂತರೆ ಅದೂ ನಿಂತಿತು. ಕೆಲವು ನಿಮಿಷ ಓಡಿ ತಾನಾಗಿ ನಿಂತು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಶುರುವಾಗುವ ಮಷೀನನ್ನು ಕೆಟ್ಟಿದೆ ಅಂತ ಬಿಸಾಕಬೇಡಿ. ಬಿಸಿ ಏರಿದಾಗ ಕರೆಂಟ್ ಕಡಿಯುವ ಪುಟ್ಟ ಸ್ವಿಚ್ ಒಳಗಿರುತ್ತದೆ, ಅದು ತನ್ನ ಕೆಲಸ ಮಾಡುತ್ತಿದೆ ಅಷ್ಟೇ.

ಇನ್ನು ಬಿಚ್ಚುವ ಕೆಲಸ. ಪ್ಲಗ್ ಕಿತ್ತು, ಮನೆಯ ಹೊರಗೆ ಕೂತು, ಮೂಗಿಗೆ ಮಾಸ್ಕ್ ಹಾಕಿಕೊಂಡು ಮಾಡಿ. ಇನ್ನೊಬ್ಬರ ಮನೆಯ ಹಳೇ ಧೂಳು ನಿಮ್ಮ ಎದೆಗೆ ಯಾಕೆ?

ಹೋಸಿನೊಳಗೆ ಒಂದು ಕಡೆಯಿಂದ ನಾಣ್ಯ ಬಿಡಿ, ಇನ್ನೊಂದು ಕಡೆ ಬೀಳದಿದ್ದರೆ ಮಧ್ಯೆ ಏನೋ ಕೂತಿದೆ. ಪೊರಕೆಯ ಹಿಡಿಯಂಥ ಮೊಂಡು ಕೋಲಿನಿಂದ ಮೆಲ್ಲಗೆ ತಳ್ಳಿ. ಚೂಪಾದ ತಂತಿ ತೂರಿಸಿದರೆ ಹೋಸ್ ತೂತಾಗುತ್ತದೆ. ಬಿರುಕು ಸಾಮಾನ್ಯವಾಗಿ ಬರುವುದು ಹಿಡಿಯ ಹತ್ತಿರ, ಬಗ್ಗಿ ಬಗ್ಗಿ. ಆ ತುದಿಯನ್ನು ನೇರವಾಗಿ ಕತ್ತರಿಸಿ, ಹಿಡಿಯನ್ನು ಮತ್ತೆ ತಿರುಗಿಸಿ ಕೂರಿಸಿದರೆ ಆಯಿತು, ಸುಮಾರು ಹೋಸುಗಳಲ್ಲಿ ಹೀಗೆ ಮಾಡಬಹುದು. ಹೋಸ್ ಗಿಡ್ಡವಾಗುತ್ತದೆ, ಆಗಲಿ ಬಿಡಿ. ವಾಸನೆ ಇದ್ದರೆ ಉಗುರು ಬೆಚ್ಚಗಿನ ಸೋಪಿನ ನೀರು ಹಾಯಿಸಿ ತೂಗುಹಾಕಿ. ಆದರೆ ಬ್ರಷ್ಷಿಗೆ ಕರೆಂಟ್ ಒಯ್ಯುವ ವೈರ್ ಇರುವ ಹೋಸ್ ಅದಾದರೆ ನೀರು ಸೋಕಿಸಲೇಬೇಡಿ.

ಫಿಲ್ಟರ್ ವಿಷಯದಲ್ಲಿ ಅವಸರ ಮಾಡುವವರೇ ಜಾಸ್ತಿ. ಸ್ಪಂಜಿನ ಫಿಲ್ಟರನ್ನು ತಣ್ಣೀರಲ್ಲಿ, ನೀರು ತಿಳಿಯಾಗಿ ಬರುವ ತನಕ ಮೆಲ್ಲಗೆ ಹಿಂಡಿ ತೊಳೆಯಬಹುದು. ಮೇಲೆ ಮುಟ್ಟಿದರೆ ಒಣಗಿದೆ ಅನ್ನಿಸಿದರೂ ಒಳಗೆ ತೇವ ಇರುತ್ತದೆ, ಆದ್ದರಿಂದ ಗಾಳಿಯಾಡುವ ಕಡೆ ಕಮ್ಮಿ ಅಂದರೆ 24 ಗಂಟೆ ಬಿಡಿ. ಒದ್ದೆ ಫಿಲ್ಟರ್ ಹಾಕಿದರೆ ತೇವ ನೇರ ಮೋಟಾರಿಗೆ ಹೋಗುತ್ತದೆ, ಧೂಳು ಕೆಸರಾಗಿ ಅಂಟುತ್ತದೆ, ಮುಗ್ಗಲು ವಾಸನೆ ಬೇರೆ. ತೀರಾ ಸಣ್ಣ ಧೂಳನ್ನೂ ಹಿಡಿಯುವ, ಮಡಿಕೆ ಮಡಿಕೆಯಾದ ಹೆಪಾ ಫಿಲ್ಟರನ್ನು, ತೊಳೆಯಬಹುದು ಅಂತ ಅದರ ಮೇಲೇ ಬರೆದಿದ್ದರೆ ಮಾತ್ರ ತೊಳೆಯಿರಿ. ಇಲ್ಲದಿದ್ದರೆ ಹೊಸದು ಹಾಕುವುದೇ ಸರಿ. ಫಿಲ್ಟರ್ ತುಂಬ ಸಿಮೆಂಟ್ ಅಥವಾ ಗೋಡೆ ಉಜ್ಜಿದ ಬಿಳಿ ಪುಡಿ ಕಂಡರೆ, ಆ ಮಷೀನನ್ನು ಯಾರೋ ಮನೆ ಕಟ್ಟುವ ಕಡೆ ದುಡಿಸಿದ್ದಾರೆ ಅಂತ ಅರ್ಥ. ಆ ನುಣುಪು ಪುಡಿ ಬೇರಿಂಗನ್ನೂ ತಿಂದಿರಬಹುದು, ನಾನಾದರೆ ಅಂಥದ್ದನ್ನು ತರುವುದೇ ಇಲ್ಲ.

ಚೀಲವೂ ಒಂದು ಫಿಲ್ಟರೇ. ಅಮೆರಿಕದ ಒಹಾಯೋದಲ್ಲಿ ಕಟ್ಟಡ ಗುಡಿಸುತ್ತಿದ್ದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಅನ್ನುವವರು ಧೂಳಿನ ಕಾಟ ತಾಳಲಾರದೆ ಫ್ಯಾನ್ ಮೋಟಾರ್, ಪೊರಕೆಯ ಹಿಡಿ, ದಿಂಬಿನ ಕವರ್ ಜೋಡಿಸಿ ಒಂದು ಮಷೀನ್ ಮಾಡಿದರು, 1908ರಲ್ಲಿ ಅವರಿಗೆ ಅದರ ಪೇಟೆಂಟ್ ಸಿಕ್ಕಿತು. ದಿಂಬಿನ ಕವರ್ ಕೆಲಸ ಮಾಡಿದ್ದು ಬಟ್ಟೆಯ ಸಂದಿಯಿಂದ ಗಾಳಿ ಹೊರಗೆ ಹೋಗುತ್ತಿದ್ದರಿಂದ. ಕಾಗದದ ಚೀಲವನ್ನು ಕೊಡವಿ ಮತ್ತೆ ಹಾಕುತ್ತೀರಲ್ಲ, ಅದರ ಸಂದಿಗಳೆಲ್ಲ ಆಗಲೇ ಮುಚ್ಚಿಹೋಗಿರುತ್ತವೆ. ಉಳಿತಾಯ ಅಲ್ಲ ಅದು. ವಾಸನೆ ಹೋಗಲಿ ಅಂತ ಬೇಕಿಂಗ್ ಸೋಡಾ ಚೆಲ್ಲಿ ಎಳೆಸುವ ಸಲಹೆಯೂ ಎಲ್ಲೆಡೆ ಸಿಗುತ್ತದೆ, ನನಗದು ಹಿಡಿಸುವುದಿಲ್ಲ, ಅಷ್ಟು ನುಣುಪಾದ ಪುಡಿ ಫಿಲ್ಟರನ್ನೇ ಕಟ್ಟುತ್ತದೆ. ಕಸ ತುಂಬುವ ಡಬ್ಬಿ ಬಿಚ್ಚಿ ಬಂದರೆ ಅದನ್ನು ಸೋಪು ಹಾಕಿ ತೊಳೆದು ಪೂರ್ತಿ ಒಣಗಿಸಿ, ಸಾಕು.

ತಿರುಗುವ ಬ್ರಷ್ ಇದ್ದರೆ ಅದನ್ನು ಹೊರಗೆ ತೆಗೆಯಿರಿ. ಮೇಲೆ ಸುತ್ತಿದ ಕೂದಲು, ದಾರ ಕತ್ತರಿಗೆ ಸುಲಭವಾಗಿ ಬರುತ್ತದೆ. ಅಸಲಿ ಕಾಟ ಎರಡೂ ತುದಿಯ ಮುಚ್ಚಳದ ಒಳಗೆ. ಅಲ್ಲಿ ಕೂದಲು ಬಳೆಯ ಹಾಗೆ ಬಿಗಿದು ಕೂತಿರುತ್ತದೆ, ತಿಕ್ಕಿ ತಿಕ್ಕಿ ಬಿಸಿಯಾಗಿ ಕೆಲವೊಮ್ಮೆ ಪ್ಲಾಸ್ಟಿಕ್ಕೇ ಕರಗಿರುತ್ತದೆ. ಚಿಮಟದಿಂದ ಒಂದೊಂದೇ ಎಳೆ ಕೀಳಿ, ಬ್ರಷ್ ಬೆರಳಲ್ಲಿ ತಳ್ಳಿದರೆ ಸಲೀಸಾಗಿ ತಿರುಗಬೇಕು. ಬ್ರಷ್ ತಿರುಗಿಸುವ ಬೆಲ್ಟ್ ಸಡಿಲವಾಗಿದ್ದರೆ, ಹೊಳಪು ಬಂದಿದ್ದರೆ ಬದಲಿಸಿ. ಚಕ್ರದ ಅಚ್ಚಿಗೂ ಇದೇ ಕೂದಲು ಸುತ್ತಿರುತ್ತದೆ, ಮರೀಬೇಡಿ.

ಎಲ್ಲಾ ಜೋಡಿಸಿದ ಮೇಲೆ ಸೋರಿಕೆ ನೋಡಿ. ಮಷೀನ್ ಓಡುವಾಗ ಹೋಸಿನ ಬಾಯಿಯನ್ನು ಅಂಗೈಯಿಂದ ಮುಚ್ಚಿ. ದನಿ ತಟ್ಟನೆ ಏರಿದರೆ ದಾರಿ ಬಿಗಿಯಾಗಿದೆ. ಏರದಿದ್ದರೆ ಎಲ್ಲಿಂದಲೋ ಗಾಳಿ ನುಗ್ಗುತ್ತಿದೆ. ಆಗ ತೆಳು ಕಾಗದದ ಚೂರನ್ನು ಮುಚ್ಚಳದ ಅಂಚು, ಪೈಪಿನ ಕೀಲು, ಹೀಗೆ ಒಂದೊಂದೇ ಕಡೆ ಹಿಡಿಯುತ್ತಾ ಹೋಗಿ, ಸಂದಿಗೆ ಅಂಟಿಕೊಂಡ ಕಡೆ ರಬ್ಬರ್ ಪಟ್ಟಿ ಸರಿಯಾಗಿ ಕೂತಿಲ್ಲ. ಹೆಚ್ಚಾಗಿ ಒರೆಸಿ ಕೂರಿಸಿದರೆ ಸಾಕಾಗುತ್ತದೆ. ಒಣಗಿದೆ ಅಂತ ಕೈಗೆ ಸಿಕ್ಕ ಎಣ್ಣೆ ಹಚ್ಚಬೇಡಿ, ರಬ್ಬರ್ ಉಬ್ಬಬಹುದು, ಧೂಳಂತೂ ಅಂಟಿಯೇ ಅಂಟುತ್ತದೆ.

ಇಷ್ಟಾದ ಮೇಲೂ ಸಮಾಧಾನ ಇಲ್ಲದಿದ್ದರೆ ಆಗ ಮೋಟಾರ್. ಕರಕರ ಅಂದರೆ ಬೇರಿಂಗ್ ಸವೆದಿದೆ. ಗಾಳಿಕಿಂಡಿಯಲ್ಲಿ ಕಿಡಿ ಜಾಸ್ತಿ ಕಂಡರೆ ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಜೋಡಿ ಸವೆದಿರಬಹುದು, ಕೈ ಪಳಗಿದ್ದರೆ ನೀವೇ ಬದಲಿಸಬಹುದು, ಆದರೆ ಎರಡನ್ನೂ ಒಟ್ಟಿಗೆ ಬದಲಿಸಿ. ವೈರಿನ ಸುತ್ತು ಸುಟ್ಟ ಘಾಟು ವಾಸನೆ ಬಂದರೆ ನಾನು ಅಲ್ಲಿಗೇ ಕೈಬಿಡುತ್ತೇನೆ, ಆ ಖರ್ಚಿಗೆ ಇನ್ನೊಂದು ಹಳೇ ಮಷೀನೇ ಬರುತ್ತದೆ. ಹಾಗೆ ಕೈಬಿಟ್ಟದ್ದರ ಹೋಸ್, ಪೈಪ್, ಚಕ್ರ ತೆಗೆದಿಟ್ಟುಕೊಳ್ಳಿ, ಅಡಿಯಲ್ಲಿರುವ ಮಾಡೆಲ್ ನಂಬರಿನ ಫೋಟೋ ಕೂಡ.