ಫ್ರೀಲಾನ್ಸರ್ ತೆರಿಗೆ: ಮೊದಲು ಹಣ ಎತ್ತಿಡಿ, ಕಂಪನಿ ಆಮೇಲೆ

ಸಂಬಳದವರಿಗೆ ತೆರಿಗೆ ಕಳೆದು ಉಳಿದದ್ದು ಕೈಗೆ ಬರುತ್ತದೆ. ಫ್ರೀಲಾನ್ಸರ್‌ಗೆ ಹಾಗಲ್ಲ. ಅಕೌಂಟಿಗೆ ಬಿದ್ದ ಹಣದಲ್ಲಿ ಸರ್ಕಾರದ ಪಾಲೂ ಸೇರಿರುತ್ತದೆ. ನನ್ನ ಮೊದಲ ವರ್ಷ ಬಂದದ್ದೆಲ್ಲ ಖರ್ಚಾಗಿ, ತೆರಿಗೆ ಕಟ್ಟಲು ಸಾಲ ಮಾಡಬೇಕಾಯಿತು. ನಿಮಗೆ ಹಾಗಾಗಬಾರದು.

ಮನೆ ಖರ್ಚಿನ ಅಕೌಂಟ್ ಬಿಟ್ಟು ಇನ್ನೆರಡು ತೆರೆಯಿರಿ. ಒಂದು ಕೆಲಸದ ಜಮಾ-ಖರ್ಚಿಗೆ, ಇನ್ನೊಂದು ತೆರಿಗೆಗೆ ಮಾತ್ರ. ಹಣ ಬಂದ ದಿನವೇ ಒಂದು ಪಾಲನ್ನು ತೆರಿಗೆ ಅಕೌಂಟಿಗೆ ಹಾಕಿ. ನಾಳೆ ಅಂದರೆ ಅದು ಉಳಿಯುವುದಿಲ್ಲ.

ಎಷ್ಟು ಪಾಲು? ಕಳೆದ ವರ್ಷದ ಲೆಕ್ಕ ತೆಗೆಯಿರಿ. 100 ಬಂದಾಗ ಒಟ್ಟು 14 ತೆರಿಗೆ ಆಗಿದ್ದರೆ, ಈ ವರ್ಷ 18 ಎತ್ತಿಡಿ. ಜಾಸ್ತಿ ಯಾಕೆಂದರೆ, ಬಹಳಷ್ಟು ದೇಶಗಳಲ್ಲಿ ಆದಾಯ ಏರಿದಂತೆ ಮೇಲಿನ ಹಣಕ್ಕೆ ದರವೂ ಏರುತ್ತದೆ. ಹೊಸಬರಾದರೆ 25ರಿಂದ ಶುರು ಮಾಡಿ. ಉಳಿದರೆ ನಿಮ್ಮದೇ ಅಲ್ವಾ?

ಕ್ಲೈಂಟ್ ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಕಳೆಯುವ ತೆರಿಗೆ, ಹಿಡಿದುಕೊಂಡರೆ ತೆರಿಗೆ ಮುಗಿಯಿತು ಎಂದು ತುಂಬಾ ಜನ ನಂಬಿದ್ದಾರೆ. ಅದು ಮುಂಗಡ ಅಷ್ಟೇ. ರಿಟರ್ನ್ ಹಾಕುವಾಗ ಪೂರ್ತಿ ಲೆಕ್ಕವಾಗಿ, ಕಡಿಮೆ ಬಿದ್ದದ್ದನ್ನು ನೀವೇ ಕಟ್ಟಬೇಕು. ಬಿಲ್ಲಿನ ಮೇಲೆ ಹಾಕುವ ಜಿಎಸ್‌ಟಿ, ವ್ಯಾಟ್ ತೆರಿಗೆಗಳಂತೂ ನಿಮ್ಮ ಆದಾಯವೇ ಅಲ್ಲ. ಇನ್‌ವಾಯ್ಸಿನಲ್ಲಿ ವಸೂಲಿ ಮಾಡಿದ ಆ ಹಣವನ್ನೂ ಅದೇ ದಿನ ಬೇರೆ ಇಡಿ.

ಮುಂದಿನ ಹೆಜ್ಜೆ, ತೆರಿಗೆ ಕಂತುಗಳನ್ನು ಕಟ್ಟುವ ದಿನಾಂಕಗಳನ್ನು ಕ್ಯಾಲೆಂಡರಿನಲ್ಲಿ ಬರೆಯುವುದು. ಭಾರತದಲ್ಲಿ ಮುಂಗಡ ತೆರಿಗೆಗೆ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳುಗಳ 15ನೇ ತಾರೀಖು. ಅಮೆರಿಕದಲ್ಲಿ ಏಪ್ರಿಲ್, ಜೂನ್, ಸೆಪ್ಟೆಂಬರ್, ಜನವರಿ ತಿಂಗಳುಗಳ 15ನೇ ತಾರೀಖು. ಬ್ರಿಟನ್ನಿನಲ್ಲಿ ಜನವರಿ 31, ಜುಲೈ 31. ತಪ್ಪಿದರೆ ಬಡ್ಡಿ ಬೀಳುತ್ತದೆ. ಖರ್ಚಿನ ಬಿಲ್‌ಗಳ ಫೋಟೋ ತೆಗೆದು ತಿಂಗಳವಾರು ಇಟ್ಟುಕೊಳ್ಳಿ.

ಇಷ್ಟು ರೂಢಿಯಾದ ಮೇಲೆ ಕಂಪನಿಯ ಮಾತು. ಸುಮ್ನೆ ಹೆಸರು ಚೆನ್ನಾಗಿರುತ್ತದೆ ಎಂದು ಕಂಪನಿ ಮಾಡಬೇಡಿ. ಒಬ್ಬರೇ ನಡೆಸುವ ಪ್ರೊಪ್ರೈಟರ್‌ಶಿಪ್‌ನಲ್ಲಿ ಕಾನೂನಿನ ಕಣ್ಣಿಗೆ ನೀವೂ ನಿಮ್ಮ ವ್ಯವಹಾರವೂ ಒಂದೇ. ಕಾಗದಪತ್ರ ಕಡಿಮೆ. ಆದರೆ ವ್ಯವಹಾರದ ಸಾಲಕ್ಕೆ ನಿಮ್ಮ ಸ್ವಂತ ಉಳಿತಾಯವೂ ಹೊಣೆ. ಸಾಮಾನ್ಯ ಪಾಲುದಾರಿಕೆಯಲ್ಲಿ ಇನ್ನೂ ಹುಷಾರು ಬೇಕು, ಜೊತೆಗಾರ ಮಾಡಿದ ಸಾಲವೂ ನಿಮ್ಮ ತಲೆಗೆ ಬರಬಹುದು. ಲಿಮಿಟೆಡ್ ಕಂಪನಿ ನಿಮ್ಮಿಂದ ಬೇರೆಯಾದ ವ್ಯಕ್ತಿ ಇದ್ದಂತೆ. ಅದರ ಸಾಲ ಅದಕ್ಕೆ. ಆದರೂ ಬ್ಯಾಂಕಿಗೆ ಸ್ವಂತ ಗ್ಯಾರಂಟಿ ಬರೆದುಕೊಟ್ಟರೆ ಆ ರಕ್ಷಣೆ ಅಲ್ಲಿಗೆ ಹೋಯಿತು. ಕಂಪನಿಯ ಹಣವನ್ನು ಮನಸ್ಸಿಗೆ ಬಂದಂತೆ ತೆಗೆಯಲೂ ಆಗದು. ಸಂಬಳವಾಗಿಯೋ ಡಿವಿಡೆಂಡ್ (ಮಾಲೀಕರಿಗೆ ಹಂಚುವ ಲಾಭ) ಆಗಿಯೋ ಬರಬೇಕು. ಎಷ್ಟೋ ದೇಶಗಳಲ್ಲಿ ಲಾಭಕ್ಕೆ ಒಮ್ಮೆ, ಡಿವಿಡೆಂಡ್‌ಗೆ ಮತ್ತೊಮ್ಮೆ ತೆರಿಗೆ ಇದೆ.

ನನ್ನ ಪ್ರಕಾರ ಕಂಪನಿಗೆ ಮೂರೇ ಕಾರಣ ಸಾಕು. ನಷ್ಟ ಕಟ್ಟಿಕೊಡಬೇಕಾದಂಥ ದೊಡ್ಡ ಒಪ್ಪಂದ, ಜೊತೆಗೆ ಸೇರುವ ಪಾಲುದಾರರು, ಅಥವಾ ಮನೆಗೆ ಬೇಡವಾಗಿ ವ್ಯವಹಾರದಲ್ಲೇ ಬೆಳೆಯಲಿ ಎಂದು ಬಿಡುವ ಲಾಭ. ಇದರಲ್ಲಿ ಒಂದಾದರೂ ಇದ್ದರೆ ಆಡಿಟರ್ ಹತ್ತಿರ ಹೋಗಿ. ನೋಂದಣಿಗೆ ಎಷ್ಟಾಗುತ್ತದೆ ಎಂದಷ್ಟೇ ಕೇಳಬೇಡಿ. ಕೆಲಸವೇ ಇಲ್ಲದ ವರ್ಷವೂ ಎಷ್ಟು ಖರ್ಚು ಬರುತ್ತದೆ, ಮುಚ್ಚಲು ಎಷ್ಟು ತಿಂಗಳು ಬೇಕು ಎಂಬುದನ್ನೂ ಕೇಳಿ ಬರೆದುಕೊಳ್ಳಿ.